ರಾಜ್ಯಾಧಿಕಾರಕ್ಕೆ ವಿಧೇಯತೆಯ ಕುರಿತ ಕ್ರೈಸ್ತ ದೃಷ್ಟಿಕೋನಗಳು

ರಾಜ್ಯಾಧಿಕಾರಕ್ಕೆ ವಿಧೇಯತೆಯ ಕುರಿತ ಕ್ರೈಸ್ತ ದೃಷ್ಟಿಕೋನಗಳು ಸರ್ಕಾರ, ಕಾನೂನು, ತೆರಿಗೆ ಮತ್ತು ನ್ಯಾಯಾಲಯಗಳಿಗೆ ಕ್ರೈಸ್ತ ವಿಶ್ವಾಸಿಗಳು ಎಷ್ಟರ ಮಟ್ಟಿಗೆ ಅಧೀನರಾಗಿರಬೇಕು ಹಾಗೂ ಯಾವ ಸಂದರ್ಭಗಳಲ್ಲಿ ರಾಜ್ಯದ ಆಜ್ಞೆಯನ್ನು ಮೀರುವುದು ನ್ಯಾಯಸಮ್ಮತ ಎಂಬ ಪ್ರಶ್ನೆಗಳಿಗೆ ಕ್ರೈಸ್ತ ಪರಂಪರೆಯಲ್ಲಿ ದೊರೆತಿರುವ ಉತ್ತರಗಳಾಗಿವೆ. ಅಧಿಕಾರವು ದೇವರ ವ್ಯವಸ್ಥೆಯ ಭಾಗ, ಆದುದರಿಂದ ಅದನ್ನು ಸಾಮಾನ್ಯವಾಗಿ ಗೌರವಿಸಬೇಕು ಎಂಬುದರಲ್ಲಿ ಬಹುತೇಕ ಪಂಥಗಳಿಗೆ ಒಮ್ಮತವಿದೆ. ದೇವರ ಆಜ್ಞೆಗೆ ನೇರವಾಗಿ ವಿರುದ್ಧವಾದುದನ್ನು ರಾಜ್ಯವು ವಿಧಿಸಿದಾಗ ಅದನ್ನು ಪಾಲಿಸಬಾರದು ಎಂಬುದೂ ವ್ಯಾಪಕವಾಗಿ ಒಪ್ಪಿತವಾಗಿದೆ. ಈ ಎರಡು ತತ್ತ್ವಗಳ ನಡುವಿನ ಗಡಿಯನ್ನು ಎಲ್ಲಿ ಎಳೆಯಬೇಕು ಎಂಬಲ್ಲಿ ಭಿನ್ನಾಭಿಪ್ರಾಯಗಳು ತಲೆದೋರುತ್ತವೆ.

ಕರ್ನಾಟಕದಲ್ಲಿ ಈ ಪ್ರಶ್ನೆ ಸ್ವಾತಂತ್ರ್ಯ ಹೋರಾಟ, 1975–77ರ ತುರ್ತು ಪರಿಸ್ಥಿತಿ ಮತ್ತು 2021–22ರ ಮತಾಂತರ ನಿಯಂತ್ರಣ ಕಾಯ್ದೆಯ ಸಂದರ್ಭಗಳಲ್ಲಿ ಸ್ಪಷ್ಟವಾಗಿ ಎದುರಾಗಿದೆ.

## ಪರಿಭಾಷೆ

ಈ ಚರ್ಚೆಯಲ್ಲಿ ಅಧೀನತೆ ಮತ್ತು ವಿಧೇಯತೆ ಎಂಬ ಎರಡು ಪರಿಕಲ್ಪನೆಗಳನ್ನು ಬೇರ್ಪಡಿಸಿ ನೋಡಲಾಗುತ್ತದೆ. ಹೊಸ ಒಡಂಬಡಿಕೆಯ ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯದಲ್ಲಿ ಬಳಕೆಯಾಗಿರುವ ಗ್ರೀಕ್ ಕ್ರಿಯಾಪದ ‘ಹುಪೊತಾಸ್ಸೊ’. ಒಂದು ವ್ಯವಸ್ಥೆಯೊಳಗೆ ತನ್ನ ಸ್ಥಾನವನ್ನು ಒಪ್ಪಿಕೊಂಡು ನಡೆಯುವುದು ಎಂಬುದು ಇದರ ಅರ್ಥ. ಅಪೊಸ್ತಲರ ಕೃತ್ಯಗಳ 5ನೇ ಅಧ್ಯಾಯದಲ್ಲಿ ಪೇತ್ರನ ಉತ್ತರದಲ್ಲಿ ಬರುವ ‘ಪೆಯ್ಥಾರ್ಖೆಯೊ’ ಎಂಬ ಪದಕ್ಕೆ ಅಧಿಕಾರದ ಆಜ್ಞೆಯನ್ನು ಪಾಲಿಸು ಎಂಬ ಅರ್ಥವಿದೆ. ಈ ವ್ಯತ್ಯಾಸವನ್ನು ಆಧರಿಸಿ ಕೆಲವು ವ್ಯಾಖ್ಯಾನಕಾರರು, ಅನ್ಯಾಯದ ಆಜ್ಞೆಯೊಂದನ್ನು ಪಾಲಿಸಲು ನಿರಾಕರಿಸಿಯೂ ಅದಕ್ಕಾಗಿ ವಿಧಿಸುವ ಶಿಕ್ಷೆಯನ್ನು ಸ್ವೀಕರಿಸುವವನು ಅಧೀನನಾಗಿಯೇ ಉಳಿಯುತ್ತಾನೆ ಎಂದು ವಾದಿಸುತ್ತಾರೆ. ಆದರೆ ತೀತನಿಗೆ ಬರೆದ ಪತ್ರಿಕೆಯಲ್ಲಿ (3:1) ಈ ಎರಡೂ ಪದಗಳು ಒಟ್ಟಿಗೆ ಬರುವುದರಿಂದ ಕೇವಲ ಶಬ್ದಾರ್ಥದ ಬಲದ ಮೇಲೆ ಈ ವಾದ ನಿಲ್ಲುವುದಿಲ್ಲ ಎಂಬ ಆಕ್ಷೇಪವಿದೆ.

ಗಾಂಧೀಯುಗದಿಂದ ಕನ್ನಡದಲ್ಲಿ ಬಳಕೆಗೆ ಬಂದ ‘ಸವಿನಯ ಕಾನೂನುಭಂಗ’ ಎಂಬ ಪದವು ಇದೇ ಅಂಶವನ್ನು ಒಳಗೊಂಡಿದೆ. ಕಾನೂನನ್ನು ಮುರಿಯುವವನು ಅದನ್ನು ಬಹಿರಂಗವಾಗಿ, ಹಿಂಸೆಯಿಲ್ಲದೆ ಮುರಿದು ಪರಿಣಾಮವನ್ನು ಎದುರಿಸುತ್ತಾನೆ. ಕಾನೂನಿನಿಂದ ತಪ್ಪಿಸಿಕೊಳ್ಳುವುದು ಇದರಿಂದ ಭಿನ್ನವಾದುದು.

## ಬೈಬಲಿನ ಆಧಾರಗಳು

### ವಿಧೇಯತೆಯನ್ನು ಬೋಧಿಸುವ ಭಾಗಗಳು

ರೋಮಾಪುರದವರಿಗೆ ಬರೆದ ಪತ್ರಿಕೆಯ 13:1–7 ಈ ವಿಷಯದಲ್ಲಿ ಅತ್ಯಂತ ಹೆಚ್ಚಾಗಿ ಉದ್ಧೃತವಾಗುವ ಭಾಗ. ಎಲ್ಲ ಅಧಿಕಾರವೂ ದೇವರಿಂದ ನೇಮಕವಾದುದು, ಅಧಿಕಾರಿಯು ಒಳಿತಿಗಾಗಿ ಇರುವ ದೇವರ ಸೇವಕ, ಶಿಕ್ಷೆಯ ಭಯದಿಂದ ಮಾತ್ರವಲ್ಲದೆ ಮನಸ್ಸಾಕ್ಷಿಯ ಸಲುವಾಗಿಯೂ ಅಧೀನರಾಗಿರಬೇಕು, ತೆರಿಗೆ ಸಲ್ಲಿಸಬೇಕು ಎಂದು ಪೌಲನು ಇಲ್ಲಿ ಬೋಧಿಸುತ್ತಾನೆ. ಪೇತ್ರನ ಮೊದಲನೆಯ ಪತ್ರಿಕೆಯೂ (2:13–17) ಅರಸನನ್ನು ಸನ್ಮಾನಿಸುವಂತೆ ಹೇಳುತ್ತದೆ. ಕೈಸರನಿಗೆ ತೆರಿಗೆ ಕೊಡುವುದು ಸರಿಯೇ ಎಂಬ ಪ್ರಶ್ನೆಗೆ ಯೇಸು ನೀಡಿದ ಉತ್ತರವನ್ನು (ಮತ್ತಾಯ 22:15–22) ಎರಡು ರೀತಿಯಲ್ಲಿ ಅರ್ಥೈಸಲಾಗಿದೆ. ರಾಜ್ಯಕ್ಕೆ ಸಲ್ಲಬೇಕಾದ ಪಾಲೊಂದು ಇದೆ ಎಂದು ಕೆಲವರು ಒತ್ತಿಹೇಳಿದರೆ, ಆ ಪಾಲಿಗೆ ಮಿತಿಯಿದೆ ಎಂದು ಇತರರು ಒತ್ತಿಹೇಳುತ್ತಾರೆ. ನಾಣ್ಯದ ಮೇಲೆ ಕೈಸರನ ಮುದ್ರೆಯಿದ್ದರೆ ಮನುಷ್ಯನ ಮೇಲೆ ದೇವರ ಮುದ್ರೆಯಿದೆ ಎಂಬ ವ್ಯಾಖ್ಯಾನ ಆದಿಸಭೆಯ ಕಾಲದಷ್ಟು ಹಳೆಯದು.

### ಅವಿಧೇಯತೆಯನ್ನು ಸಮರ್ಥಿಸುವ ಭಾಗಗಳು

ಹೀಬ್ರೂ ಗಂಡುಶಿಶುಗಳನ್ನು ಕೊಲ್ಲಬೇಕೆಂಬ ಫರೋಹನ ಆಜ್ಞೆಯನ್ನು ಇಬ್ಬರು ಸೂಲಗಿತ್ತಿಯರು ಪಾಲಿಸಲಿಲ್ಲ (ವಿಮೋಚನಕಾಂಡ 1). ಬಾಬೆಲಿನ ಅರಸನು ನಿಲ್ಲಿಸಿದ ಪ್ರತಿಮೆಗೆ ಅಡ್ಡಬೀಳಲು ಮೂವರು ಯುವಕರು ನಿರಾಕರಿಸಿದರು (ದಾನಿಯೇಲ 3). ಪ್ರಾರ್ಥನೆಯನ್ನು ನಿಷೇಧಿಸಿದ ಶಾಸನವನ್ನು ತಿಳಿದೂ ದಾನಿಯೇಲನು ಎಂದಿನಂತೆ ಪ್ರಾರ್ಥಿಸಿದನು (ದಾನಿಯೇಲ 6). ಯೇಸುವಿನ ಹೆಸರಿನಲ್ಲಿ ಬೋಧಿಸಕೂಡದು ಎಂದು ಹಿರೀಸಭೆ ಆಜ್ಞಾಪಿಸಿದಾಗ ಪೇತ್ರ ಮತ್ತು ಸಂಗಡಿಗರು ಮನುಷ್ಯರಿಗಿಂತ ದೇವರಿಗೆ ವಿಧೇಯರಾಗುವುದು ತಮ್ಮ ಕರ್ತವ್ಯವೆಂದರು (ಅಪೊಸ್ತಲರ ಕೃತ್ಯಗಳು 5). ಪ್ರಕಟನೆ ಗ್ರಂಥದ 13ನೇ ಅಧ್ಯಾಯದಲ್ಲಿ ಆರಾಧನೆಯನ್ನು ಕೇಳುವ ರಾಜಸತ್ತೆ ಮೃಗದ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ಈ ನಿದರ್ಶನಗಳಲ್ಲಿ ಎರಡು ಬಗೆಗಳಿವೆ. ರಾಜ್ಯವು ಕೆಡುಕನ್ನು ಮಾಡುವಂತೆ ಒತ್ತಾಯಿಸಿದ ಸಂದರ್ಭಗಳು ಮೊದಲನೆಯವು. ದೇವರು ವಿಧಿಸಿದ್ದನ್ನು ಮಾಡದಂತೆ ತಡೆದ ಸಂದರ್ಭಗಳು ಎರಡನೆಯವು. ತನಗೆ ನೇರವಾಗಿ ಇಂತಹ ಒತ್ತಾಯವಿಲ್ಲದಿದ್ದರೂ ಇತರರ ಮೇಲೆ ನಡೆಯುವ ಅನ್ಯಾಯದ ಕಾರಣಕ್ಕೆ ಕಾನೂನು ಮುರಿಯಬಹುದೇ ಎಂಬುದು ಮೂರನೆಯ, ಹೆಚ್ಚು ವಿವಾದಾತ್ಮಕವಾದ ಪ್ರಶ್ನೆ.

ಕಾನೂನನ್ನೇ ಆಸರೆಯಾಗಿ ಬಳಸಿದ ನಿದರ್ಶನವೂ ಇದೆ. ಪೌಲನು ಫಿಲಿಪ್ಪಿಯಲ್ಲಿ ತನ್ನ ರೋಮನ್ ಪೌರತ್ವವನ್ನು ಮುಂದಿಟ್ಟು ಅಧಿಕಾರಿಗಳನ್ನು ಪ್ರಶ್ನಿಸಿದನು. ಬಳಿಕ ಕೈಸರನ ನ್ಯಾಯಪೀಠಕ್ಕೆ ಮೇಲ್ಮನವಿ ಸಲ್ಲಿಸಿದನು (ಅಪೊಸ್ತಲರ ಕೃತ್ಯಗಳು 16 ಮತ್ತು 25).

## ಐತಿಹಾಸಿಕ ಬೆಳವಣಿಗೆ

ಮೊದಲ ಮೂರು ಶತಮಾನಗಳ ಕ್ರೈಸ್ತರು ರೋಮನ್ ಚಕ್ರವರ್ತಿಯ ಪ್ರತಿಮೆಗೆ ಧೂಪಾರ್ಪಣೆ ಮಾಡಲು ನಿರಾಕರಿಸಿ ಶಿಕ್ಷೆಗೆ ಒಳಗಾದರು. ಅದೇ ವೇಳೆ ಟೆರ್ಟುಲಿಯನ್‌ನಂತಹ ಲೇಖಕರು, ಕ್ರೈಸ್ತರು ಚಕ್ರವರ್ತಿಯನ್ನು ಪೂಜಿಸದಿದ್ದರೂ ಅವನಿಗಾಗಿ ಪ್ರಾರ್ಥಿಸುತ್ತಾರೆ ಎಂದು ಸಮರ್ಥಿಸಿಕೊಂಡರು. 313ರ ನಂತರ ಧರ್ಮಕ್ಕೆ ರಾಜಾಶ್ರಯ ದೊರೆತಾಗ ಸಮಸ್ಯೆಯ ಸ್ವರೂಪ ಬದಲಾಯಿತು. 390ರಲ್ಲಿ ಥೆಸಲೊನೀಕದ ಹತ್ಯಾಕಾಂಡಕ್ಕಾಗಿ ಮಿಲಾನಿನ ಬಿಷಪ್ ಆಂಬ್ರೋಸ್ ಕ್ರೈಸ್ತನೇ ಆಗಿದ್ದ ಚಕ್ರವರ್ತಿ ಥಿಯೊಡೋಸಿಯಸ್‌ನಿಂದ ಪಶ್ಚಾತ್ತಾಪವನ್ನು ಕೇಳಿದನು.

ಅನ್ಯಾಯದ ಕಾನೂನು ಕಾನೂನೇ ಅಲ್ಲ ಎಂಬ ವಿಚಾರವನ್ನು ಅಗಸ್ಟೀನ್ ಮುಂದಿಟ್ಟನು. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಅದನ್ನು ವಿಸ್ತರಿಸಿ ಅನ್ಯಾಯದ ಕಾನೂನುಗಳನ್ನು ಎರಡಾಗಿ ವಿಂಗಡಿಸಿದನು. ಮಾನವ ಹಿತಕ್ಕೆ ವಿರುದ್ಧವಾದವು ಮನಸ್ಸಾಕ್ಷಿಯನ್ನು ಕಟ್ಟಿಹಾಕುವುದಿಲ್ಲ. ಆದರೂ ಹೆಚ್ಚಿನ ಅನಾಹುತವನ್ನು ತಪ್ಪಿಸಲು ಕೆಲವೊಮ್ಮೆ ಅವನ್ನು ಸಹಿಸಿಕೊಳ್ಳಬಹುದು. ದೈವಾಜ್ಞೆಗೆ ವಿರುದ್ಧವಾದವನ್ನು ಯಾವ ಕಾರಣಕ್ಕೂ ಪಾಲಿಸುವಂತಿಲ್ಲ.

ಸುಧಾರಣಾ ಯುಗದಲ್ಲಿ ಮಾರ್ಟಿನ್ ಲೂಥರ್ 1523ರ ತನ್ನ ಗ್ರಂಥದಲ್ಲಿ ಲೌಕಿಕ ಅಧಿಕಾರವು ಆತ್ಮದ ವಿಷಯಗಳಲ್ಲಿ ಕೈಹಾಕುವಂತಿಲ್ಲ ಎಂದರೂ 1525ರ ರೈತ ದಂಗೆಯನ್ನು ಕಟುವಾಗಿ ಖಂಡಿಸಿದನು. ಖಾಸಗಿ ವ್ಯಕ್ತಿಗಳು ದಂಗೆಯೇಳಬಾರದು, ಆದರೆ ಜನರ ರಕ್ಷಣೆಗೆ ನೇಮಕವಾದ ಕೆಳಹಂತದ ಅಧಿಕಾರಿಗಳು ದೊರೆಯ ದಬ್ಬಾಳಿಕೆಯನ್ನು ತಡೆಯಬೇಕು ಎಂಬುದು ಜಾನ್ ಕ್ಯಾಲ್ವಿನ್‌ನ ನಿಲುವಾಗಿತ್ತು. 1527ರ ಷ್ಲೈಟ್‌ಹೈಮ್ ಘೋಷಣೆಯಲ್ಲಿ ಅನಾಬ್ಯಾಪ್ಟಿಸ್ಟರು ಖಡ್ಗವನ್ನೂ ಆಣೆಯನ್ನೂ ತ್ಯಜಿಸಿದರು.

20ನೇ ಶತಮಾನದಲ್ಲಿ ನಾಜಿ ಆಡಳಿತದ ವಿರುದ್ಧ 1934ರ ಬಾರ್ಮೆನ್ ಘೋಷಣೆ ಹೊರಬಂತು. ಪ್ರತಿರೋಧದ ಗುಂಪಿನೊಂದಿಗೆ ಸಂಬಂಧ ಹೊಂದಿದ್ದ ಪಾದ್ರಿ ಡೀಟ್ರಿಷ್ ಬಾನ್‌ಹಾಫರ್‌ರನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಲಾಯಿತು. ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ ಅಗಸ್ಟೀನ್ ಮತ್ತು ಅಕ್ವಿನಾಸರನ್ನು ಆಧರಿಸಿ ವರ್ಣಭೇದದ ಕಾನೂನುಗಳನ್ನು ಮುರಿಯುವುದನ್ನು ಸಮರ್ಥಿಸಿದರು. ದಕ್ಷಿಣ ಆಫ್ರಿಕಾದಲ್ಲಿ ರೋಮಾಪುರದ ಪತ್ರಿಕೆಯ 13ನೇ ಅಧ್ಯಾಯವನ್ನು ವರ್ಣಭೇದ ನೀತಿಯ ಸಮರ್ಥನೆಗೆ ಬಳಸುವುದನ್ನು 1985ರ ಕೈರೋಸ್ ದಸ್ತಾವೇಜು ‘ರಾಜ್ಯದ ದೇವತಾಶಾಸ್ತ್ರ’ ಎಂದು ಗುರುತಿಸಿ ಟೀಕಿಸಿತು.

## ಅವಿಧೇಯತೆಯ ಮಾನದಂಡಗಳು

ವಿವಿಧ ಪಂಥಗಳ ಚಿಂತಕರು ಮುಂದಿಟ್ಟಿರುವ ಮಾನದಂಡಗಳಲ್ಲಿ ಈ ಕೆಳಗಿನವು ಪದೇಪದೇ ಕಂಡುಬರುತ್ತವೆ:

* ಕಾನೂನು ಕೇವಲ ಅನನುಕೂಲಕರವಾಗಿದ್ದರೆ ಸಾಲದು, ಗಂಭೀರವಾಗಿ ಅನ್ಯಾಯದ್ದಾಗಿರಬೇಕು.
* ಮನವಿ, ಚುನಾವಣೆ, ನ್ಯಾಯಾಲಯ ಮುಂತಾದ ಕಾನೂನುಬದ್ಧ ಮಾರ್ಗಗಳನ್ನು ಮೊದಲು ಬಳಸಿರಬೇಕು.
* ಕ್ರಿಯೆಯು ಬಹಿರಂಗವಾಗಿದ್ದು, ಶಿಕ್ಷೆಯನ್ನು ಸ್ವೀಕರಿಸುವ ಸಿದ್ಧತೆಯಿರಬೇಕು.
* ಮೂರನೆಯವರಿಗೆ ಹಾನಿಯಾಗಬಾರದು.
* ನಿರ್ದಿಷ್ಟ ಕಾನೂನನ್ನು ವಿರೋಧಿಸುವಾಗಲೂ ಕಾನೂನಿನ ಆಳ್ವಿಕೆಯನ್ನು ಒಟ್ಟಾರೆಯಾಗಿ ಗೌರವಿಸಬೇಕು.

ನೈತಿಕ ವ್ಯವಸ್ಥೆಗೆ, ಮೂಲಭೂತ ಹಕ್ಕುಗಳಿಗೆ ಅಥವಾ ಸುವಾರ್ತೆಯ ಬೋಧನೆಗೆ ವಿರುದ್ಧವಾದ ಆಜ್ಞೆಗಳನ್ನು ಪಾಲಿಸದಿರಲು ನಾಗರಿಕನು ಮನಸ್ಸಾಕ್ಷಿಯಲ್ಲಿ ಬದ್ಧನೆಂದು ಕ್ಯಾಥೊಲಿಕ್ ಸಭೆಯ ಧರ್ಮೋಪದೇಶ ಸಂಗ್ರಹವು (ಪರಿಚ್ಛೇದ 2242) ಹೇಳುತ್ತದೆ. ಶಸ್ತ್ರಸಹಿತ ಪ್ರತಿರೋಧಕ್ಕೆ ಅದು (2243) ಐದು ಕಠಿಣ ಷರತ್ತುಗಳನ್ನು ವಿಧಿಸುತ್ತದೆ. ಮೂಲಭೂತ ಹಕ್ಕುಗಳ ಗಂಭೀರ ಹಾಗೂ ದೀರ್ಘಕಾಲದ ಉಲ್ಲಂಘನೆ, ಉಳಿದೆಲ್ಲ ಮಾರ್ಗಗಳ ವೈಫಲ್ಯ, ಇನ್ನೂ ದೊಡ್ಡ ಅನಾಹುತ ಉಂಟಾಗದು ಎಂಬ ಖಾತ್ರಿ, ಯಶಸ್ಸಿನ ಸಕಾರಣ ನಿರೀಕ್ಷೆ ಮತ್ತು ಬೇರೆ ಉತ್ತಮ ಪರಿಹಾರದ ಅಭಾವ ಇವೇ ಆ ಷರತ್ತುಗಳು.

## ಕರ್ನಾಟಕದಲ್ಲಿ

### ವಸಾಹತು ಕಾಲ

1834ರಲ್ಲಿ ಮಂಗಳೂರಿನಲ್ಲಿ ಕಾರ್ಯಾರಂಭಿಸಿದ ಬಾಸೆಲ್ ಮಿಷನ್ ಜರ್ಮನ್ ಮತ್ತು ಸ್ವಿಸ್ ಭಕ್ತಿಪಂಥದ ಹಿನ್ನೆಲೆಯದು. ಮೊದಲನೆಯ ಮಹಾಯುದ್ಧದಲ್ಲಿ ಅದರ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಶತ್ರುರಾಷ್ಟ್ರದ ಪ್ರಜೆಗಳೆಂದು ಬಂಧನದಲ್ಲಿಟ್ಟಿತು. ಯುದ್ಧಾನಂತರ ವಿದೇಶಿ ಮಿಷನರಿಗಳು ಭಾರತದಲ್ಲಿ ಕೆಲಸ ಮಾಡಬೇಕಾದರೆ ಕಾನೂನುಬದ್ಧ ಸರ್ಕಾರಕ್ಕೆ ವಿಧೇಯರಾಗಿದ್ದು ರಾಜಕೀಯದಿಂದ ದೂರವಿರುವ ಭರವಸೆ ನೀಡಬೇಕಾಯಿತು. ಮದುರೈಯಲ್ಲಿದ್ದ ಅಮೆರಿಕನ್ ಮಿಷನರಿ ರಾಲ್ಫ್ ರಿಚರ್ಡ್ ಕೈತಾನ್ 1930ರಲ್ಲಿ ಗಾಂಧಿಯವರ ಆಂಗ್ಲ ಸಂಗಾತಿ ರೆಜಿನಾಲ್ಡ್ ರೆನಾಲ್ಡ್ಸ್‌ಗೆ ಆತಿಥ್ಯ ನೀಡಿದ ಕಾರಣಕ್ಕೆ ದೇಶ ಬಿಡಬೇಕಾಗಿ ಬಂತು.

ಅದೇ ವರ್ಷ ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರ ಸೀಮೆಗಳಲ್ಲಿ ಕರನಿರಾಕರಣೆ ಚಳವಳಿ ಹಬ್ಬಿತು. ತೆರಿಗೆ ಸಲ್ಲಿಸುವುದನ್ನು ಪೌಲನು ಸ್ಪಷ್ಟವಾಗಿ ವಿಧಿಸಿರುವುದರಿಂದ ಕರನಿರಾಕರಣೆಯು ಕ್ರೈಸ್ತರಿಗೆ ಕ್ಲಿಷ್ಟವಾದ ಪ್ರಶ್ನೆಯನ್ನು ಒಡ್ಡುತ್ತದೆ. ಗಾಂಧಿಯವರ ಸತ್ಯಾಗ್ರಹದ ಕಲ್ಪನೆಗೆ ಯೇಸುವಿನ ಗಿರಿಪ್ರಸಂಗವೂ ಟಾಲ್‌ಸ್ಟಾಯ್‌ರ ಬರಹಗಳೂ ಪ್ರೇರಣೆಯಾಗಿದ್ದವು.

ಉಡುಪಿ ಬಳಿಯ ಬೆಳ್ಳೆಯಲ್ಲಿ 1907ರಲ್ಲಿ ಜನಿಸಿದ ಮಂಗಳೂರು ಕ್ಯಾಥೊಲಿಕ್ ಸಮುದಾಯದ ಜೋಕಿಂ ಆಳ್ವ ಮುಂಬಯಿಯಲ್ಲಿ ವಕೀಲರೂ ಪತ್ರಕರ್ತರೂ ಆಗಿದ್ದು, ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆವಾಸ ಅನುಭವಿಸಿದರು. ಅವರ ಪತ್ನಿ ವಯಲೆಟ್ ಆಳ್ವ 1943ರಲ್ಲಿ ಕೈಗೂಸಿನೊಂದಿಗೆ ಮುಂಬಯಿಯ ಆರ್ಥರ್ ರೋಡ್ ಜೈಲು ಸೇರಿದರು. ಸ್ವಾತಂತ್ರ್ಯಾನಂತರ ಜೋಕಿಂ ಆಳ್ವ ಉತ್ತರ ಕನ್ನಡದಿಂದ ಲೋಕಸಭೆಗೆ ಆಯ್ಕೆಯಾದರು; ವಯಲೆಟ್ ಆಳ್ವ 1962ರಲ್ಲಿ ರಾಜ್ಯಸಭೆಯ ಉಪಸಭಾಪತಿಯಾದರು.

### ಶಿವಮೊಗ್ಗದ ಹಿನ್ನೆಲೆ

ಶಿವಮೊಗ್ಗ ಜಿಲ್ಲೆಯು ರಾಜ್ಯಾಧಿಕಾರವನ್ನು ಪ್ರಶ್ನಿಸಿದ ಎರಡು ಪ್ರಮುಖ ಹೋರಾಟಗಳ ನೆಲೆ. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತಾನು ಸ್ವತಂತ್ರವೆಂದು ಘೋಷಿಸಿಕೊಂಡಿತು. ಬಳಿಕ ನಡೆದ ಘರ್ಷಣೆಯಲ್ಲಿ ಅಧಿಕಾರಿಗಳಿಬ್ಬರು ಸತ್ತರು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಅದರಲ್ಲಿ ಭಾಗವಹಿಸಲು ಬಂದ ರಾಮಮನೋಹರ ಲೋಹಿಯಾ ಬಂಧಿತರಾದರು. ಇವು ಕ್ರೈಸ್ತ ಚಳವಳಿಗಳಲ್ಲ. ಆದರೂ ಹಿಂಸೆ ಮತ್ತು ಅಹಿಂಸೆಯ ಪ್ರತಿರೋಧಗಳ ನಡುವಿನ ವ್ಯತ್ಯಾಸವನ್ನು ಒಂದೇ ಜಿಲ್ಲೆಯಲ್ಲಿ ತೋರಿಸುವ ಈ ಘಟನೆಗಳಲ್ಲಿ ಕಾಗೋಡು ಬೆಳೆಸಿದ ಸಮಾಜವಾದಿ ಪರಂಪರೆಯು ಮುಂದೆ ತುರ್ತು ಪರಿಸ್ಥಿತಿಯ ವಿರೋಧಿಗಳನ್ನು ಒಗ್ಗೂಡಿಸಿದ ಧಾರೆಗಳಲ್ಲಿ ಒಂದಾಯಿತು.

ಶಿವಮೊಗ್ಗ ಕ್ಯಾಥೊಲಿಕ್ ಧರ್ಮಪ್ರಾಂತ್ಯವು 1988ರಲ್ಲಿ ರಚನೆಯಾಯಿತು. ನಗರದ ಹೊರವಲಯದ ಸೋಗಾನೆಯಲ್ಲಿ ಕೇಂದ್ರ ಕಾರಾಗೃಹವಿದೆ. ಸೆರೆಯಲ್ಲಿರುವವರನ್ನು ಸಂದರ್ಶಿಸುವುದು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ಆಧಾರದಲ್ಲಿ ಕ್ರೈಸ್ತರ ದಯಾಕಾರ್ಯಗಳಲ್ಲೊಂದು. ಕೈದಿಯ ಅಪರಾಧವನ್ನು ಒಪ್ಪದೆಯೂ ಅವನ ಘನತೆಯನ್ನು ಗೌರವಿಸಬಹುದು, ಶಿಕ್ಷಿಸುವ ಅಧಿಕಾರವನ್ನು ಒಪ್ಪಿಯೂ ಅದರ ಮಿತಿಯನ್ನು ನೆನಪಿಸಬಹುದು ಎಂಬ ನಿಲುವು ಇದರ ಹಿಂದಿದೆ.

### ತುರ್ತು ಪರಿಸ್ಥಿತಿ (1975–77)

1975ರ ಜೂನ್ 25ರಂದು ಘೋಷಿತವಾಗಿ 1977ರ ಮಾರ್ಚ್ 21ರವರೆಗೆ ಜಾರಿಯಲ್ಲಿದ್ದ ತುರ್ತು ಪರಿಸ್ಥಿತಿಯು ಭಾರತೀಯ ಕ್ರೈಸ್ತರ ಮುಂದೆ ಈ ಪ್ರಶ್ನೆಯನ್ನು ತೀವ್ರವಾಗಿ ಇರಿಸಿತು. ಘೋಷಣೆಯು ಸಂವಿಧಾನದ 352ನೇ ವಿಧಿಯಡಿ ಹೊರಟದ್ದರಿಂದ ಔಪಚಾರಿಕವಾಗಿ ಕಾನೂನುಬದ್ಧವಾಗಿತ್ತು. ಆದರೆ ವಿಚಾರಣೆಯಿಲ್ಲದ ಬಂಧನ ಮತ್ತು ಪತ್ರಿಕೆಗಳ ಮೇಲಿನ ನಿರ್ಬಂಧಗಳು ಕಾನೂನಿನ ನೈತಿಕ ತಳಹದಿಯನ್ನೇ ಪ್ರಶ್ನೆಗೊಳಪಡಿಸಿದವು. ಹಲವು ಚರ್ಚ್ ನಾಯಕರು ಮೌನವಾಗಿದ್ದರು. ಕೆಲವರು ಶಿಸ್ತಿನ ಹೆಸರಿನಲ್ಲಿ ಅದನ್ನು ಸ್ವಾಗತಿಸಿದರು. ಮಾರ್ ಥೋಮಾ ಸಭೆಯ ಮೆಟ್ರೊಪಾಲಿಟನ್ ಯೂಹಾನೋನ್ ಮಾರ್ ಥೋಮಾ ಪ್ರಧಾನಿ ಇಂದಿರಾ ಗಾಂಧಿಯವರಿಗೆ ಪತ್ರ ಬರೆದು ತುರ್ತು ಪರಿಸ್ಥಿತಿಯನ್ನು ಹಿಂಪಡೆಯುವಂತೆ ಕೋರಿದರು.

ಎಂ. ಎಂ. ಥಾಮಸ್: ಬೆಂಗಳೂರಿನಲ್ಲಿ 1957ರಲ್ಲಿ ಸ್ಥಾಪನೆಯಾದ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯ ನಿರ್ದೇಶಕರಾಗಿ 1976ರವರೆಗೆ ಕಾರ್ಯನಿರ್ವಹಿಸಿದ ದೇವತಾಶಾಸ್ತ್ರಜ್ಞ ಎಂ. ಎಂ. ಥಾಮಸ್, ಮದ್ರಾಸಿನ ‘ಗಾರ್ಡಿಯನ್’ ಪತ್ರಿಕೆಯಲ್ಲಿ ತುರ್ತು ಪರಿಸ್ಥಿತಿಯನ್ನು ವಿಮರ್ಶಿಸಿ ಬರೆದರು. ಅಭಿವೃದ್ಧಿಯ ಹೆಸರಿನಲ್ಲಿ ನಾಗರಿಕ ಸ್ವಾತಂತ್ರ್ಯವನ್ನು ಬಲಿಕೊಡುವುದನ್ನು ಅವರು ಒಪ್ಪಲಿಲ್ಲ. ಆ ಕಾಲದ ಅವರ ಬರಹಗಳು ‘ರೆಸ್ಪಾನ್ಸ್ ಟು ಟಿರನಿ’ (1979) ಎಂಬ ಹೆಸರಿನಲ್ಲಿ ಪ್ರಕಟವಾದವು. ಕಾನೂನು ಮುರಿಯದೆ, ಮಾತಿನ ಮೂಲಕ ಸಾಕ್ಷಿ ನುಡಿಯುವ ಪ್ರತಿರೋಧಕ್ಕೆ ಇದು ಉದಾಹರಣೆ. 1990ರಲ್ಲಿ ಅವರು ನಾಗಾಲ್ಯಾಂಡಿನ ರಾಜ್ಯಪಾಲರಾದರು. ಮುಖ್ಯಮಂತ್ರಿಯ ಸಲಹೆಯಂತೆ ವಿಧಾನಸಭೆಯನ್ನು ವಿಸರ್ಜಿಸಿದ ಬಳಿಕ 1992ರಲ್ಲಿ ಕೇಂದ್ರ ಸರ್ಕಾರ ಅವರನ್ನು ವಜಾಗೊಳಿಸಿತು.

ಸ್ನೇಹಲತಾ ರೆಡ್ಡಿ: ಕ್ರೈಸ್ತ ಕುಟುಂಬದಲ್ಲಿ ಜನಿಸಿದ ರಂಗಕರ್ಮಿ ಹಾಗೂ ‘ಸಂಸ್ಕಾರ’ (1970) ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿ ಲೋಹಿಯಾವಾದಿಯಾಗಿದ್ದರು. 1976ರ ಮೇ ತಿಂಗಳಲ್ಲಿ ಬಂಧಿತರಾಗಿ ಆಂತರಿಕ ಭದ್ರತಾ ಕಾಯ್ದೆಯಡಿ (ಮೀಸಾ) ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿದ್ದರು. ತೀವ್ರ ಅಸ್ತಮಾದಿಂದ ಬಳಲುತ್ತಿದ್ದ ಅವರನ್ನು 1977ರ ಜನವರಿ 15ರಂದು ಬಿಡುಗಡೆ ಮಾಡಲಾಯಿತು. ಐದು ದಿನಗಳ ಬಳಿಕ ಅವರು ನಿಧನರಾದರು. ಅವರ ಜೈಲಿನ ದಿನಚರಿ ಮರಣಾನಂತರ ಪ್ರಕಟವಾಯಿತು. ಆ ಹಳೆಯ ಜೈಲಿನ ಆವರಣವೇ ಇಂದಿನ ಸ್ವಾತಂತ್ರ್ಯ ಉದ್ಯಾನ.

ಜಾರ್ಜ್ ಫರ್ನಾಂಡಿಸ್: ಮಂಗಳೂರಿನಲ್ಲಿ 1930ರಲ್ಲಿ ಜನಿಸಿ, ಪಾದ್ರಿಯಾಗಲು 1946ರಲ್ಲಿ ಬೆಂಗಳೂರಿನ ಸೆಮಿನರಿ ಸೇರಿ ಅದನ್ನು ಅರ್ಧಕ್ಕೇ ತೊರೆದ ಜಾರ್ಜ್ ಫರ್ನಾಂಡಿಸ್ ತುರ್ತು ಪರಿಸ್ಥಿತಿಯಲ್ಲಿ ಭೂಗತರಾದರು. ಅವರ ಸುಳಿವಿಗಾಗಿ ಸಹೋದರ ಲಾರೆನ್ಸ್ ಫರ್ನಾಂಡಿಸ್‌ರನ್ನು 1976ರ ಮೇ 1ರಂದು ಬೆಂಗಳೂರಿನಲ್ಲಿ ಬಂಧಿಸಿ ಚಿತ್ರಹಿಂಸೆಗೆ ಗುರಿಪಡಿಸಲಾಯಿತು. ಜೂನ್ 10ರಂದು ಜಾರ್ಜ್ ಕಲ್ಕತ್ತಾದಲ್ಲಿ ಸೆರೆಸಿಕ್ಕರು. ಸ್ಫೋಟಕಗಳನ್ನು ಬಳಸುವ ಸಂಚಿನ ಆರೋಪದ ‘ಬರೋಡಾ ಡೈನಮೈಟ್ ಪ್ರಕರಣ’ ಅವರ ಮೇಲಿತ್ತು. 1977ರ ಚುನಾವಣೆಯ ನಂತರ ಅದನ್ನು ಹಿಂಪಡೆಯಲಾಯಿತು. ಅವರ ರಾಜಕೀಯಕ್ಕೆ ಸಮಾಜವಾದ ಆಧಾರವಾಗಿತ್ತೇ ಹೊರತು ಚರ್ಚಿನ ಬೋಧನೆಯಲ್ಲ. ಆದರೂ ಪ್ರಾಣಹಾನಿಯಿಲ್ಲದೆ ಆಸ್ತಿಗೆ ಹಾನಿ ಮಾಡುವುದು ಅಹಿಂಸೆಯ ವ್ಯಾಪ್ತಿಗೆ ಬರುತ್ತದೆಯೇ, ಭೂಗತ ಹೋರಾಟವು ಬಹಿರಂಗತೆಯ ಮಾನದಂಡಕ್ಕೆ ಒಗ್ಗುತ್ತದೆಯೇ ಎಂಬ ಪ್ರಶ್ನೆಗಳನ್ನು ಈ ಪ್ರಕರಣ ಎತ್ತುತ್ತದೆ.

### ಮತಾಂತರ ನಿಯಂತ್ರಣ ಕಾಯ್ದೆ

ಗೃಹಸಚಿವರಾಗಿದ್ದ ತೀರ್ಥಹಳ್ಳಿಯ ಶಾಸಕ ಆರಗ ಜ್ಞಾನೇಂದ್ರ ಮಂಡಿಸಿದ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ವಿಧೇಯಕವನ್ನು ವಿಧಾನಸಭೆಯು 2021ರ ಡಿಸೆಂಬರ್ 23ರಂದು ಅಂಗೀಕರಿಸಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂದ ಇದು ಸೆಪ್ಟೆಂಬರ್‌ನಲ್ಲಿ ಕಾಯ್ದೆಯಾಯಿತು. ಬಲವಂತ, ವಂಚನೆ, ಆಮಿಷಗಳ ಮೂಲಕ ನಡೆಯುವ ಮತಾಂತರವನ್ನು ತಡೆಯುವುದು ಅದರ ಘೋಷಿತ ಉದ್ದೇಶ. ಮತಾಂತರ ಹೊಂದುವವರು 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂದು ಅದು ವಿಧಿಸಿತು. ಸಾಮಾನ್ಯ ಪ್ರಕರಣಗಳಿಗೆ 3ರಿಂದ 5 ವರ್ಷ, ಅಪ್ರಾಪ್ತರು, ಮಹಿಳೆಯರು ಹಾಗೂ ಪರಿಶಿಷ್ಟರಿಗೆ ಸಂಬಂಧಿಸಿದ ಪ್ರಕರಣಗಳಿಗೆ 3ರಿಂದ 10 ವರ್ಷ ಸೆರೆವಾಸವನ್ನು ನಿಗದಿಪಡಿಸಿತು.

ಬಲವಂತದ ಮತಾಂತರ ಕ್ರೈಸ್ತ ಬೋಧನೆಗೂ ವಿರುದ್ಧವಾದುದರಿಂದ ಆ ನಿಷೇಧವಷ್ಟೇ ಅವಿಧೇಯತೆಗೆ ಕಾರಣವಾಗುವುದಿಲ್ಲ. ದಾನಧರ್ಮ, ಶಿಕ್ಷಣಗಳನ್ನೂ ಆಮಿಷವೆಂದು ಪರಿಗಣಿಸುವ ಸಾಧ್ಯತೆ ಹಾಗೂ ಒಬ್ಬ ವ್ಯಕ್ತಿಯ ಅಂತರಂಗದ ನಂಬಿಕೆಯನ್ನು ಅಧಿಕಾರಿಗೆ ಮುಂಚಿತವಾಗಿ ತಿಳಿಸಬೇಕೆಂಬ ನಿಯಮ ವಿವಾದಕ್ಕೆ ಗುರಿಯಾದವು. ಧರ್ಮಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತ್ತು. ಇನ್ನೊಂದೆಡೆ, ಹಿಮಾಚಲ ಪ್ರದೇಶದ ಇಂಥದೇ ಕಾಯ್ದೆಯ ಪೂರ್ವಸೂಚನೆಯ ನಿಯಮವನ್ನು ಅಲ್ಲಿನ ಉಚ್ಚ ನ್ಯಾಯಾಲಯ 2012ರಲ್ಲಿ ರದ್ದುಪಡಿಸಿತ್ತು.

ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಸೇರಿದಂತೆ ಚರ್ಚ್ ನಾಯಕರು ಸರ್ಕಾರಕ್ಕೂ ರಾಜ್ಯಪಾಲರಿಗೂ ಮನವಿ ಸಲ್ಲಿಸಿದರು. ಕ್ರೈಸ್ತ ಸಂಘಟನೆಗಳು ಉಚ್ಚ ನ್ಯಾಯಾಲಯದ ಮೊರೆಹೋದವು. ಪೌಲನು ಕೈಸರನಿಗೆ ಮೇಲ್ಮನವಿ ಸಲ್ಲಿಸಿದ ಮಾದರಿಗೆ ಈ ಕ್ರಮ ಹತ್ತಿರವಾದುದು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟವು ಕಾಯ್ದೆಯನ್ನು ರದ್ದುಪಡಿಸಲು ತೀರ್ಮಾನಿಸಿತು.

## ಭಾರತೀಯ ನ್ಯಾಯಾಲಯ ಮತ್ತು ಮನಸ್ಸಾಕ್ಷಿ

ಸಂವಿಧಾನದ 25ನೇ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಗಳಿಗೆ ಒಳಪಟ್ಟು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ನೀಡುತ್ತದೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರೂ ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1986ರ ಆಗಸ್ಟ್ 11ರಂದು ಮಕ್ಕಳ ಪರವಾಗಿ ತೀರ್ಪು ನೀಡಿ, ಪ್ರಾಮಾಣಿಕ ಧಾರ್ಮಿಕ ನಂಬಿಕೆಯಿಂದ ಹಾಡದಿರುವುದು ಅಗೌರವವಲ್ಲವೆಂದಿತು. ಅವಿಧೇಯತೆಯಂತೆ ಕಂಡದ್ದು ಕಾನೂನಿನೊಳಗೇ ರಕ್ಷಣೆ ಪಡೆದ ಪ್ರಕರಣವಿದು.

## ಟೀಕೆ ಮತ್ತು ಚರ್ಚೆ

ರೋಮಾಪುರದ ಪತ್ರಿಕೆಯ 13ನೇ ಅಧ್ಯಾಯವನ್ನು ಸಂದರ್ಭದಿಂದ ಬೇರ್ಪಡಿಸಿ ಓದಿದಾಗ ಅದು ಯಾವ ಆಡಳಿತಕ್ಕೂ ಸಮರ್ಥನೆಯಾಗಬಲ್ಲದು ಎಂಬುದು ಒಂದು ಟೀಕೆ. ಅಧಿಕಾರಿಯು ಒಳಿತಿಗಾಗಿ ಇರುವ ಸೇವಕನೆಂದು ಅದೇ ಅಧ್ಯಾಯ ಹೇಳುವುದರಿಂದ, ಆ ವಿವರಣೆಯಲ್ಲಿಯೇ ಅಧಿಕಾರದ ಮಿತಿಯೂ ಅಡಗಿದೆ ಎಂದು ಟೀಕಾಕಾರರು ವಾದಿಸುತ್ತಾರೆ. ಇದಕ್ಕೆ ಪ್ರತಿಯಾಗಿ, ಮನಸ್ಸಾಕ್ಷಿಯ ಹೆಸರಿನಲ್ಲಿ ಪ್ರತಿಯೊಬ್ಬನೂ ತನಗೆ ಒಪ್ಪದ ಕಾನೂನನ್ನು ಮೀರಿದರೆ ದುರ್ಬಲರನ್ನು ರಕ್ಷಿಸುವ ಕಾನೂನುಗಳೂ ಕುಸಿಯುತ್ತವೆ ಎಂಬ ಎಚ್ಚರಿಕೆಯಿದೆ.

ಸ್ವಂತ ಸಮುದಾಯದ ಹಕ್ಕಿಗೆ ಧಕ್ಕೆಯಾದಾಗ ಮಾತ್ರ ಮನಸ್ಸಾಕ್ಷಿಯನ್ನು ಮುಂದಿಟ್ಟು, ಇತರರಿಗೆ ಅನ್ಯಾಯವಾದಾಗ ವಿಧೇಯತೆಯನ್ನು ಬೋಧಿಸುವುದು ಸುಸಂಗತವಲ್ಲ ಎಂಬ ಆಕ್ಷೇಪವೂ ಇದೆ. ತುರ್ತು ಪರಿಸ್ಥಿತಿಯ ಕಾಲದ ಚರ್ಚುಗಳ ಮೌನವನ್ನು ಈ ದೃಷ್ಟಿಯಿಂದ ವಿಮರ್ಶಿಸಲಾಗಿದೆ. ಪ್ರಜಾಪ್ರಭುತ್ವದಲ್ಲಿ ‘ಮೇಲಿನ ಅಧಿಕಾರ’ ಎಂಬುದು ಸಂವಿಧಾನವೇ ಹೊರತು ಅಧಿಕಾರದಲ್ಲಿರುವ ವ್ಯಕ್ತಿಯಲ್ಲ. ಆದುದರಿಂದ ಸಂವಿಧಾನಬಾಹಿರ ಆಜ್ಞೆಯನ್ನು ಪ್ರಶ್ನಿಸುವುದು ಸಹ ಅಧೀನತೆಯ ಒಂದು ರೂಪ ಎಂಬ ವಾದವು ಭಾರತದ ಸಂದರ್ಭದಲ್ಲಿ ಮಹತ್ವ ಪಡೆದಿದೆ.

## ಇವನ್ನೂ ನೋಡಿ

* ಸತ್ಯಾಗ್ರಹ
* ಭಾರತದ ತುರ್ತು ಪರಿಸ್ಥಿತಿ
* ಸ್ನೇಹಲತಾ ರೆಡ್ಡಿ
* ಈಸೂರು
* ಕಾಗೋಡು ಸತ್ಯಾಗ್ರಹ
* ಕರ್ನಾಟಕದಲ್ಲಿ ಕ್ರೈಸ್ತ ಧರ್ಮ